ಡ್ರಾಯಿಂಗ್ ಇಲ್ಲಿ, ಸಹಿ ಅಲ್ಲಿ

ಯಂತ್ರವೊಂದರ ಮೂಲ ವಿನ್ಯಾಸ ಒಂದು ದೇಶದಲ್ಲಿ, ಬಿಡಿಭಾಗಗಳ ಲೆಕ್ಕಾಚಾರ ಮತ್ತು ಡ್ರಾಯಿಂಗ್ ಇನ್ನೊಂದು ದೇಶದಲ್ಲಿ, ಎರಕ ಹಾಗೂ ಮಷೀನಿಂಗ್ ಮೂರನೆಯ ಕಡೆ, ಜೋಡಣೆ ಮಾರುಕಟ್ಟೆಗೆ ಹತ್ತಿರವಿರುವ ನಾಲ್ಕನೆಯ ಕಡೆ ನಡೆಯುವ ಪದ್ಧತಿಯನ್ನು ತಯಾರಿಕಾ ಉದ್ಯಮದಲ್ಲಿ ಜಾಗತಿಕ ಉತ್ಪನ್ನ ಅಭಿವೃದ್ಧಿ ಎಂದು ಕರೆಯುತ್ತಾರೆ. ಕಳೆದ ಶತಮಾನದ ಕೊನೆಯ ದಶಕದಿಂದ ಈಚೆಗೆ ಕಾರು, ವಿಮಾನ, ವೈದ್ಯಕೀಯ ಉಪಕರಣ, ಪಂಪು, ಟರ್ಬೈನು ತಯಾರಿಸುವ ದೊಡ್ಡ ಕಂಪನಿಗಳಲ್ಲಿ ಈ ದಾರಿ ಹಿಡಿಯದೆ ಉಳಿದವು ಕಡಿಮೆ. ನಿರ್ವಹಣಾಶಾಸ್ತ್ರದ ಪುಸ್ತಕಗಳು ಇದನ್ನು ಸಾಮಾನ್ಯವಾಗಿ ಖರ್ಚು ಮತ್ತು ಕಾಲದ ಲೆಕ್ಕವಾಗಿ ವಿವರಿಸುತ್ತವೆ: ಇಂಜಿನಿಯರರ ಸಂಬಳ ಎಲ್ಲಿ ಕಡಿಮೆಯೋ ಅಲ್ಲಿಗೆ ಕೆಲಸ ಕಳಿಸಿದರೆ ಹಣ ಉಳಿಯುತ್ತದೆ, ಒಂದು ಊರು ಮಲಗಿರುವಾಗ ಇನ್ನೊಂದು ಊರು ದುಡಿಯುವುದರಿಂದ ದಿನಗಳು ಉಳಿಯುತ್ತವೆ. ಆದರೆ ಆ ಕಾಲದಲ್ಲಿ ಬೆಂಗಳೂರಿನ ಡ್ರಾಯಿಂಗ್ ಆಫೀಸುಗಳಲ್ಲಿ ಕೆಲಸಕ್ಕೆ ಸೇರಿ, ಈಗ ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿರುವ ತಲೆಮಾರಿಗೆ, ಆ ತಲೆಮಾರಿನವನೇ ಆದ ಈ ಲೇಖಕನಿಗೂ, ಉಳಿದಿರುವ ನೆನಪು ಬೇರೆಯದು. ತಾವು ಗೆರೆ ಎಳೆದ ಭಾಗದ ಬಗ್ಗೆ ತೀರ್ಮಾನ ಮಾಡುವ ಹಕ್ಕು ಯಾರ ಕೈಯಲ್ಲಿತ್ತು, ಅದು ಯಾವಾಗ ಮತ್ತು ಎಷ್ಟು ಕಷ್ಟದಿಂದ ಇತ್ತ ಬಂತು ಎಂಬುದೇ ಅವರ ವೃತ್ತಿಜೀವನದ ಮುಖ್ಯ ಕಥೆ.

ಹೊರದೇಶದ ಡ್ರಾಯಿಂಗ್ ಬೆಂಗಳೂರಿಗೆ ಹೊಸದಲ್ಲ. 1940ರಲ್ಲಿ ಶುರುವಾದ ಎಚ್‌ಎಎಲ್, 1951ರ ಮೈಕೋ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ 1953ರಲ್ಲಿ ಜಾಲಹಳ್ಳಿಯಲ್ಲಿ ನೆಲೆಗೊಂಡ ಎಚ್‌ಎಂಟಿ, 1954ರ ಬಿಇಎಲ್, ಇವು ಬಹುಮಟ್ಟಿಗೆ ಲೈಸೆನ್ಸ್ ಪದ್ಧತಿಯಲ್ಲಿ, ಅಂದರೆ ಹೊರಗಿನ ಕಂಪನಿಗೆ ಶುಲ್ಕ ಕೊಟ್ಟು ಅದರ ಡ್ರಾಯಿಂಗ್ ಮತ್ತು ತಯಾರಿಕಾ ವಿಧಾನವನ್ನು ಪಡೆದು ಇಲ್ಲಿ ತಯಾರಿಸುವ ಕ್ರಮದಲ್ಲಿ ಬೆಳೆದವು. ಆ ಕ್ರಮದಿಂದ ಈ ಊರಿಗೆ ಆದ ಉಪಕಾರ ದೊಡ್ಡದು. ಒಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನು ಬೆರಳ ತುದಿಯಲ್ಲೇ ಅಂದಾಜು ಮಾಡಬಲ್ಲ ಫಿಟ್ಟರುಗಳ, ಟೂಲ್‌ರೂಮಿನ ಕುಶಲಿಗಳ ಒಂದು ಸಮುದಾಯವೇ ಅದರಿಂದ ಹುಟ್ಟಿತು, ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಬುನಾದಿಯಾದವರೂ ಅವರೇ. ಆದರೆ ಲೈಸೆನ್ಸಿನ ಡ್ರಾಯಿಂಗಿನಲ್ಲಿ ಅಳತೆ ಇರುತ್ತಿತ್ತು, ಆ ಅಳತೆಗೆ ಕಾರಣ ಇರುತ್ತಿರಲಿಲ್ಲ. ಗೋಡೆಯ ದಪ್ಪ 12 ಮಿ.ಮೀ. ಎಂದು ಬರೆದಿದ್ದರೆ ಅದು 10 ಯಾಕಲ್ಲ ಎಂಬುದನ್ನು ಹೇಳಬಲ್ಲವರು ಸಮುದ್ರದಾಚೆ ಇದ್ದರು, ಕೇಳುವ ರೂಢಿಯೂ ಇರಲಿಲ್ಲ.

ಇದಕ್ಕೆ ಪಕ್ಕದಲ್ಲೇ ಒಂದು ದೊಡ್ಡ ಅಪವಾದವೂ ಇತ್ತು. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದು, ಭಾರತೀಯ ಇಂಜಿನಿಯರರ ಜೊತೆ ಕುಳಿತು ರೂಪಿಸಿದ ಎಚ್‌ಎಫ್-24 ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಬೇರೆ ಬೇರೆ ದೇಶದವರು ಒಂದೇ ಕೊಠಡಿಯಲ್ಲಿ ಕುಳಿತು ಒಂದು ಉತ್ಪನ್ನವನ್ನು ಮೊದಲ ಗೆರೆಯಿಂದ ಕಟ್ಟಿದ ಉದಾಹರಣೆ ಅದು. ಆದರೂ ವಿಮಾನದ ಒಡಲನ್ನು ಯಾವ ಬಲಶಾಲಿ ಎಂಜಿನ್ನಿಗಾಗಿ ಎಣಿಸಿದ್ದರೋ ಆ ಬ್ರಿಟಿಷ್ ಆರ್ಫಿಯಸ್ 12 ಎಂಜಿನ್ನಿನ ಅಭಿವೃದ್ಧಿ ನಿಂತುಹೋಯಿತು, ಅದನ್ನು ಮುಂದುವರಿಸಲು ಬೇಕಾದ ಹಣ ಹಾಕಲು ಭಾರತ ಒಪ್ಪಲಿಲ್ಲ, ಮಾರುತ್ ತನ್ನ ಸೇವಾವಧಿಯುದ್ದಕ್ಕೂ ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನ್ನುಗಳಲ್ಲೇ ಹಾರಿತು. ಒಡಲು ಇಲ್ಲಿಯದಾಗಿ ಎಂಜಿನ್ ಹೊರಗಿನದಾದಾಗ, ಆ ಎಂಜಿನ್ನಿನ ಹಣೆಬರಹವನ್ನು ಬರೆಯುವವರ ಸಾಲಿನಲ್ಲಿ ಕೂರದೆ ಹೋದರೆ ಏನಾಗುತ್ತದೆ ಎಂಬುದನ್ನು ಎಚ್‌ಎಎಲ್‌ನ ಹಿರಿಯರು ಕಿರಿಯರಿಗೆ ಬಹಳ ಕಾಲ ಹೇಳುತ್ತಿದ್ದರು, ಅದು ಹೇಳಬೇಕಾದ ಮಾತೇ ಆಗಿತ್ತು.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ತನ್ನ ಮಾತೃಸಂಸ್ಥೆಗೆ ಕೆಲಸ ಕಳಿಸತೊಡಗಿದ ಮೇಲೆ, ವಿನ್ಯಾಸವನ್ನು ಹಡಗಿನಲ್ಲಿ ಅಲ್ಲ, ಸಂಕೇತಗಳಲ್ಲಿ ಕಳಿಸಬಹುದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಅದು ಚಿಪ್ಪುಗಳ ಲೋಕ. ಕಬ್ಬಿಣ ಉಕ್ಕಿನ ಲೋಕ ಹತ್ತು ವರ್ಷ ತಡವಾಗಿ ಅದೇ ದಾರಿಗೆ ಬಂತು. 1996ರಲ್ಲಿ ಮರ್ಸಿಡಿಸ್-ಬೆಂಜ್, 2000ದಲ್ಲಿ ವೈಟ್‌ಫೀಲ್ಡಿನ ಜನರಲ್ ಎಲೆಕ್ಟ್ರಿಕ್ ಕೇಂದ್ರ, ಅವುಗಳ ಹಿಂದೆಯೂ ಮುಂದೆಯೂ ಹೆಸರಿಲ್ಲದ ಹತ್ತಾರು ಸಣ್ಣ ಕೇಂದ್ರಗಳು ಹುಟ್ಟಿಕೊಂಡವು. ಆರಂಭದಲ್ಲಿ ಅಲ್ಲಿ ನಡೆಯುತ್ತಿದ್ದದ್ದು ತೀರ ಸರಳ ಕೆಲಸ: ಹಳೆಯ ಟ್ರೇಸಿಂಗ್ ಕಾಗದದ ಡ್ರಾಯಿಂಗನ್ನು ಕಂಪ್ಯೂಟರಿಗೆ ಏರಿಸುವುದು, ಇತರರು ಮಾಡಿದ ಮೂರು ಆಯಾಮದ ಮಾದರಿಯಿಂದ ಬಿಡಿಭಾಗಗಳ ಡ್ರಾಯಿಂಗ್ ತೆಗೆಯುವುದು, ಭಾಗಗಳ ಪಟ್ಟಿಯನ್ನು ತಿದ್ದುವುದು. ಲೆಕ್ಕ ಗಂಟೆಯ ಮೇಲಿತ್ತು. ಎಷ್ಟು ಗಂಟೆಯಲ್ಲಿ ಎಷ್ಟು ಹಾಳೆ ಎಂಬುದೇ ಸಾಮರ್ಥ್ಯದ ಅಳತೆಯಾಗಿತ್ತು.

ಪ್ರತಿ ಡ್ರಾಯಿಂಗಿನ ಬಲಗಡೆಯ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಎಂಬ ಚೌಕವಿರುತ್ತದೆ. ಭಾಗದ ಹೆಸರು, ಸಂಖ್ಯೆ, ಲೋಹ, ಅಳತೆಯ ಪ್ರಮಾಣ ಇವುಗಳ ಜೊತೆ ಅಲ್ಲಿ ಮೂರು ಖಾನೆಗಳಿರುತ್ತವೆ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಬೆಂಗಳೂರಿನ ಕೇಂದ್ರಗಳಲ್ಲಿ ಮೊದಲ ಖಾನೆಯಲ್ಲಿ ಇಲ್ಲಿಯ ಹುಡುಗರ ಹೆಸರಿನ ಮೊದಲಕ್ಷರಗಳು ಬೇಗ ಕಾಣಿಸಿಕೊಂಡವು, ಕೆಲವು ವರ್ಷಗಳಲ್ಲಿ ಎರಡನೆಯದರಲ್ಲೂ ಬಂದವು. ಮೂರನೆಯ ಖಾನೆ ಬಹಳ ಕಾಲ ಸಮುದ್ರದಾಚೆಯವರದ್ದಾಗಿಯೇ ಉಳಿಯಿತು. ಅದನ್ನು ಅವಮಾನವೆಂದು ಭಾವಿಸಿದವರು ಕೆಲವರಿದ್ದರು. ಈ ಲೇಖಕನ ಅಭಿಪ್ರಾಯದಲ್ಲಿ ಅದು ಅವಮಾನದ ಪ್ರಶ್ನೆಯಾಗಿರಲಿಲ್ಲ. ಆ ಸಹಿಯ ಹಿಂದೆ ಪ್ರಯೋಗಶಾಲೆಯಲ್ಲಿ ಒಡೆದ ಮಾದರಿಗಳ, ಗಿರಾಕಿಯ ಸ್ಥಾವರದಲ್ಲಿ ಕೆಟ್ಟ ಯಂತ್ರಗಳ, ಕೋರ್ಟಿನ ಮೆಟ್ಟಿಲು ಹತ್ತಿದ ದೂರುಗಳ ಅನುಭವವಿತ್ತು, ಮತ್ತು ಆ ಅನುಭವವನ್ನು ಇಲ್ಲಿಯವರಿಗೆ ದಾಟಿಸುವ ಏರ್ಪಾಡನ್ನು ಯಾರೂ ಮಾಡಿರಲಿಲ್ಲ. ಹಕ್ಕು ದಾಟದಿದ್ದದ್ದು ತೊಡಕಿನ ಅರ್ಧ ಮಾತ್ರ. ಕಾರಣಗಳು ದಾಟದಿದ್ದದ್ದು ಉಳಿದರ್ಧ.

ಡ್ರಾಯಿಂಗಿನ ಭಾಷೆ ಜಗತ್ತಿಗೆಲ್ಲ ಒಂದೇ ಎಂಬ ನಂಬಿಕೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಬೇರೂರುತ್ತದೆ, ಈ ಕೆಲಸಕ್ಕೆ ಇಳಿದ ಮೊದಲ ತಿಂಗಳಲ್ಲೇ ಕದಲುತ್ತದೆ. ಯುರೋಪು ಮತ್ತು ಭಾರತದಲ್ಲಿ ವಸ್ತುವಿನ ಎಡಮುಖದ ನೋಟವನ್ನು ಮುಂಭಾಗದ ನೋಟದ ಬಲಕ್ಕೆ ಬರೆಯುತ್ತಾರೆ. ಇದು ಫಸ್ಟ್ ಆಂಗಲ್ ಪದ್ಧತಿ. ಅಮೆರಿಕದಲ್ಲಿ ಅದೇ ನೋಟವನ್ನು ಎಡಕ್ಕೇ ಬರೆಯುವ ಥರ್ಡ್ ಆಂಗಲ್ ಪದ್ಧತಿ. ಎರಡನ್ನೂ ಬೇರ್ಪಡಿಸಿ ತೋರಿಸುವುದು ಟೈಟಲ್ ಬ್ಲಾಕಿನಲ್ಲಿರುವ, ತಲೆ ಕತ್ತರಿಸಿದ ಶಂಕುವಿನ ಒಂದು ಸಣ್ಣ ಗುರುತು ಮಾತ್ರ, ಅದು ನಕಲಿನ ನಕಲಿನಲ್ಲಿ ಮಾಸಿಹೋಗಿದ್ದರೆ ಎಡಗೈ ಬ್ರಾಕೆಟ್ಟಿನ ಬದಲು ಬಲಗೈ ಬ್ರಾಕೆಟ್ ತಯಾರಾಗಿ ಬರುತ್ತದೆ. ಲೋಹದ ಹೆಸರುಗಳೂ ಹಾಗೆಯೇ. ಪೀಣ್ಯದ ಅಂಗಡಿಯಲ್ಲಿ ಇಂದಿಗೂ ಬಾಯಿಮಾತಿನಲ್ಲಿರುವುದು ಇಎನ್ 8, ಇಎನ್ 24 ಎಂಬ ಹಳೆಯ ಬ್ರಿಟಿಷ್ ಹೆಸರುಗಳು. ಇಎನ್ 8ರ ಜಾಗದಲ್ಲಿ ಜರ್ಮನ್ ಡ್ರಾಯಿಂಗಿನಲ್ಲಿ ಸಿ 45 ಎಂದಿರುತ್ತದೆ, ಜಪಾನಿನದರಲ್ಲಿ ಎಸ್ 45 ಸಿ, ಅಮೆರಿಕದ್ದರಲ್ಲಿ 1045. ಇವು ಒಂದಕ್ಕೊಂದು ಹತ್ತಿರದವು, ಒಂದೇ ಅಲ್ಲ, ಆ ವ್ಯತ್ಯಾಸ ಎಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದು ಆ ಭಾಗ ಎಷ್ಟು ಭಾರ ಹೊರುತ್ತದೆ ಎಂಬುದರ ಮೇಲೆ ನಿಂತಿದೆ.

ಇವೆಲ್ಲ ಕಣ್ಣಿಗೆ ಕಾಣುವ ವ್ಯತ್ಯಾಸಗಳು, ಒಂದು ಪಟ್ಟಿ ಮಾಡಿಕೊಂಡರೆ ನಿಭಾಯಿಸಬಹುದು. ಕಣ್ಣಿಗೆ ಕಾಣದ್ದು ಹೆಚ್ಚು ಅಪಾಯದ್ದು. 25 ಮಿ.ಮೀ. ವ್ಯಾಸದ ಒಂದು ಶಾಫ್ಟ್ ಇದೆ, ಅದಕ್ಕೆ ಒಂದು ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆಯಾದರೂ ಒಪ್ಪಬಹುದು ಎಂಬ ಮಿತಿ, ಕೊಟ್ಟಿದೆ ಎಂದುಕೊಳ್ಳೋಣ. ಅಮೆರಿಕದ ವೈ 14.5 ಮಾನದಂಡದಲ್ಲಿ, ಬೇರೇನೂ ಬರೆಯದಿದ್ದರೆ, ಆ ಮಿತಿ ಶಾಫ್ಟಿನ ನೇರವನ್ನೂ ಆಳುತ್ತದೆ. ಅತಿ ದಪ್ಪದ ಅಳತೆಯಲ್ಲಿರುವ ಶಾಫ್ಟ್ ಕೊಂಚವೂ ಬಾಗಿರಕೂಡದು. ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್‌ಒ 8015ರ ಪ್ರಕಾರ ಅಳತೆ ಬೇರೆ, ನೇರ ಬೇರೆ. ಮೈಕ್ರೋಮೀಟರಿನಲ್ಲಿ ಪ್ರತಿ ಅಡ್ಡಕೊಯ್ತವೂ ಸರಿಯಾಗಿದ್ದರೆ ವ್ಯಾಸದ ಮಟ್ಟಿಗೆ ಭಾಗ ಪಾಸು, ಬಾಗಿದೆಯೇ ಎಂಬುದಕ್ಕೆ ಪ್ರತ್ಯೇಕ ಸೂಚನೆ ಬೇಕು. ಒಂದೇ ಗೆರೆ, ಒಂದೇ ಅಂಕಿ; ಒಂದು ಕಡೆ ತಿರಸ್ಕಾರವಾಗುವ ಶಾಫ್ಟ್ ಇನ್ನೊಂದು ಕಡೆ ಸ್ವೀಕಾರವಾಗುತ್ತದೆ. ಈ ಲೇಖಕ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಇಂಥದೇ ಶಾಫ್ಟುಗಳ ಒಂದು ಕಂತು, ಇಲ್ಲಿಯ ತಪಾಸಣಾ ವರದಿಯಲ್ಲಿ ಒಂದೂ ತಪ್ಪಿಲ್ಲದೆ, ಹಡಗು ಹತ್ತಿ ಹೋಗಿ ಅಲ್ಲಿಯ ಬೇರಿಂಗಿನಲ್ಲಿ ಕೂರದೆ ನಿಂತಿತು. ಎರಡು ಕಡೆಯವರೂ ತಮ್ಮ ಪುಸ್ತಕದ ಪ್ರಕಾರ ಸರಿಯಾಗಿದ್ದರು. ಡ್ರಾಯಿಂಗಿನ ಮೇಲೆ ಯಾವ ಮಾನದಂಡ ಅನ್ವಯಿಸುತ್ತದೆ ಎಂಬ ಒಂದು ಸಾಲು ಇದ್ದಿದ್ದರೆ ಆ ಹಡಗಿನ ಬಾಡಿಗೆ ಉಳಿಯುತ್ತಿತ್ತು.

ಬೆಳಗಾವಿಯ ಉದ್ಯಮಬಾಗಿನ ಎರಕದ ಕಾರ್ಖಾನೆಗಳನ್ನು ಕಂಡವರಿಗೆ ಈ ವಿಷಯದ ಇನ್ನೊಂದು ಮಗ್ಗುಲು ತಾನಾಗಿ ತಿಳಿಯುತ್ತದೆ. ಪಂಪಿನ ಕೇಸಿಂಗ್ ಎಂದರೆ ಬಸವನಹುಳದ ಚಿಪ್ಪಿನ ಆಕಾರದ ಹೊರಕವಚ. ಅದರ ಗೋಡೆ ತೆಳು, ಪೈಪು ಜೋಡಿಸುವ ಫ್ಲೇಂಜಿನ ಬಳಿ ಲೋಹ ದಪ್ಪ. ಯುರೋಪಿನಿಂದ ಬಂದ ಹೊಸ ಕೇಸಿಂಗಿನ ಡ್ರಾಯಿಂಗನ್ನು ಮೇಜಿನ ಮೇಲೆ ಹರಡಿದಾಗ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯಲು ಬೇಕಾದ ಮಾದರಿ, ಕಟ್ಟುವ ಅಲ್ಲಿಯ ಹಿರಿಯ ಕುಶಲಿಯೊಬ್ಬರು ಅಂಕಿಗಳನ್ನು ಓದುವ ಗೋಜಿಗೆ ಹೋಗದೆ, ಗೋಡೆ ಫ್ಲೇಂಜಿಗೆ ಸೇರುವ ಮೂಲೆಯ ಮೇಲೆ ಬೆರಳಿಟ್ಟು, "ಸಾಹೇಬ್ರ, ತೆಳು ಇದ್ದದ್ದು ಮೊದಲ ಗಟ್ಟಿ ಆಗತೈತಿ, ದಪ್ಪ ಇದ್ದದ್ದು ಆಮ್ಯಾಲ, ಇಲ್ಲಿ ಒಳಗ ಟೊಳ್ಳು ಬೀಳತೈತಿ" ಎಂದರು. ಕರಗಿದ ಕಬ್ಬಿಣ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದ ಜಾಗವನ್ನು ತುಂಬಲು ಪಕ್ಕದಿಂದ ದ್ರವಲೋಹ ಹರಿದು ಬರಬೇಕು, ಬರುವ ದಾರಿಯಲ್ಲಿರುವ ತೆಳುಭಾಗ ಮೊದಲೇ ಗಟ್ಟಿಯಾಗಿಬಿಟ್ಟರೆ ದಪ್ಪಭಾಗದ ನಡುವೆ ಪೊಳ್ಳು ಉಳಿಯುತ್ತದೆ. ಲೋಹಶಾಸ್ತ್ರದ ಪುಸ್ತಕ ಒಂದು ಅಧ್ಯಾಯದಲ್ಲಿ ಹೇಳುವುದನ್ನು ಅವರು ಒಂದು ವಾಕ್ಯದಲ್ಲಿ ಹೇಳಿದ್ದರು. ಅವರು ಸೂಚಿಸಿದ ಪರಿಹಾರವೂ ಸರಳ: ದಪ್ಪ ಒಮ್ಮೆಲೇ ಬದಲಾಗದೆ ಇಳಿಜಾರಾಗಿ ಬದಲಾಗಲಿ, ಮೂಲೆಯ ಗುಂಡು ಸ್ವಲ್ಪ ದೊಡ್ಡದಾಗಲಿ.

ಆ ಒಂದು ಮೂಲೆಯ ತಿದ್ದುಪಡಿ ಹಿಡಿಯಬೇಕಾದ ದಾರಿ ಹೀಗಿತ್ತು. ಎರಕದ ಕಾರ್ಖಾನೆ ಬೆಂಗಳೂರಿನ ಖರೀದಿ ವಿಭಾಗಕ್ಕೆ ಬರೆಯಬೇಕು, ಅವರು ಗುಣಮಟ್ಟ ವಿಭಾಗಕ್ಕೆ, ಅಲ್ಲಿಂದ ಬೆಂಗಳೂರಿನ ವಿನ್ಯಾಸ ತಂಡಕ್ಕೆ. ಆ ತಂಡಕ್ಕೆ ಹಕ್ಕಿಲ್ಲದ್ದರಿಂದ ಯುರೋಪಿನ ವಿನ್ಯಾಸ ತಂಡಕ್ಕೆ, ಅವರಿಂದ ಒತ್ತಡದ ಲೆಕ್ಕ ಹಾಕುವವರಿಗೆ, ಕೊನೆಗೆ ಒಪ್ಪಿಗೆಯ ಸಹಿಗೆ. ಈ ಇಡೀ ಪ್ರಯಾಣದ ದಾಖಲೆಗೆ ಇಂಜಿನಿಯರಿಂಗ್ ಚೇಂಜ್ ನೋಟಿಸ್ ಎನ್ನುತ್ತಾರೆ, ಕಾರ್ಖಾನೆಗಳಲ್ಲಿ ಇಸಿಎನ್ ಎಂದೇ ಬಳಕೆ. ವಾರಗಳು ಕಳೆದ ಮೇಲೆ ಬಂದ ಉತ್ತರ, ಮೂಲ ಡ್ರಾಯಿಂಗಿನಂತೆಯೇ ತಯಾರಿಸಿ ಎಂಬುದಾಗಿತ್ತು. ತಯಾರಾದ ಕೇಸಿಂಗುಗಳಲ್ಲಿ ಹಲವು ನೀರಿನ ಒತ್ತಡದ ಪರೀಕ್ಷೆಯಲ್ಲಿ ಅದೇ ಮೂಲೆಯಲ್ಲಿ ಸೋರಿದವು. ಆ ಮೇಲೆ ತಿದ್ದುಪಡಿ ಬಂತು. ಅಷ್ಟರಲ್ಲಿ ಪ್ಯಾಟರ್ನ್ ಎರಡು ಬಾರಿ ಕಟ್ಟಲಾಗಿತ್ತು, ಅದರ ಖರ್ಚಿನಲ್ಲಿ ಒಂದು ಪಾಲನ್ನು ಆ ಎಚ್ಚರಿಕೆ ಕೊಟ್ಟ ಕಾರ್ಖಾನೆಯೇ ಹೊತ್ತಿತ್ತು.

ನ್ಯಾಯಕ್ಕೆ ಇದರ ಇನ್ನೊಂದು ಬದಿಯನ್ನೂ ಹೇಳಬೇಕು. ಅದೇ ಪಂಪಿನ ಪೀಠದಲ್ಲಿ ಒಂದು ಅಡ್ಡಪಟ್ಟಿ, ಇಂಜಿನಿಯರರು ರಿಬ್ ಎನ್ನುವಂಥದು, ಯಾವ ಭಾರವನ್ನೂ ಹೊರದೆ ಸುಮ್ಮನೆ ಇದ್ದಂತೆ ಕಾಣುತ್ತಿತ್ತು. ಬೆಂಗಳೂರಿನ ತಂಡ ಲೆಕ್ಕ ಹಾಕಿ, ಅದನ್ನು ತೆಗೆದರೆ ತೂಕವೂ ಖರ್ಚೂ ಇಳಿಯುತ್ತವೆ ಎಂದು ಬರೆದಾಗ, ಯುರೋಪಿನ ಒಬ್ಬ ಹಿರಿಯ ವಿನ್ಯಾಸಕಾರರು ಅದನ್ನು ತಡೆದರು. ಬಹಳ ಹಿಂದೆ ಒಂದು ಸ್ಥಾವರದಲ್ಲಿ ನಿರ್ದಿಷ್ಟ ವೇಗದಲ್ಲಿ ಆ ಪೀಠ ವಿಪರೀತ ಕಂಪಿಸಿತ್ತು, ಆ ಕಂಪನವನ್ನು ತಗ್ಗಿಸಲೆಂದೇ ಆ ಪಟ್ಟಿಯನ್ನು ಸೇರಿಸಲಾಗಿತ್ತು. ಭಾರದ ಲೆಕ್ಕ ಹಾಕಿದವರು ಕಂಪನದ ಲೆಕ್ಕ ಹಾಕಿರಲಿಲ್ಲ, ಹಾಕಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಯಾವ ಕಡತದಲ್ಲೂ ಆ ಸಂಗತಿ ಬರೆದಿರಲಿಲ್ಲ. ಅದು ಒಬ್ಬರ ನೆನಪಿನಲ್ಲಿ ಮಾತ್ರ ಇತ್ತು, ಆ ಒಬ್ಬರು ಆ ವರ್ಷವೇ ನಿವೃತ್ತರಾಗುವವರಿದ್ದರು.

ದೊಡ್ಡ ಕಂಪನಿಗಳೂ ಇದೇ ಜಾಗದಲ್ಲಿ ಎಡವಿದ್ದನ್ನು ಆ ವರ್ಷಗಳಲ್ಲಿ ಇಡೀ ಜಗತ್ತು ನೋಡಿತು. ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು 530 ಕಿ.ಮೀ. ಉದ್ದದ ತಂತಿಗಳಿವೆ. ತಂತಿಗಳ ಕಟ್ಟುಗಳನ್ನು ರೂಪಿಸಿದ ಹ್ಯಾಂಬರ್ಗಿನ ತಂಡ ಕಟಿಯಾ ಎಂಬ ವಿನ್ಯಾಸ ತಂತ್ರಾಂಶದ ನಾಲ್ಕನೆಯ ಆವೃತ್ತಿಯಲ್ಲೂ, ಜೋಡಣೆ ನಡೆಯುತ್ತಿದ್ದ ಟೂಲೂಸಿನ ತಂಡ ಐದನೆಯ ಆವೃತ್ತಿಯಲ್ಲೂ ಕೆಲಸ ಮಾಡುತ್ತಿದ್ದವು. ಒಂದರಲ್ಲಿ ಮಾಡಿದ ಬದಲಾವಣೆ ಇನ್ನೊಂದಕ್ಕೆ ಸಂಪೂರ್ಣವಾಗಿ ದಾಟುತ್ತಿರಲಿಲ್ಲ. ಒಡಲಿನ ಭಾಗಗಳು ಟೂಲೂಸಿಗೆ ಬಂದಾಗ ತಂತಿಗಳ ಕಟ್ಟುಗಳು ತಮ್ಮ ಜಾಗ ಮುಟ್ಟದೆ ಗಿಡ್ಡವಾದವು, ಹ್ಯಾಂಬರ್ಗಿನಿಂದ ಬಂದ ನೂರಾರು ಕೆಲಸಗಾರರು ಅಲ್ಲೇ ಬೀಡುಬಿಟ್ಟು ಕೈಯಲ್ಲಿ ತಂತಿ ಎಳೆದರು. 2006ರ ಜೂನಿನಲ್ಲಿ ತಡವಾಗುವ ಸುದ್ದಿ ಹೊರಬಿದ್ದ ಮರುದಿನವೇ ಮಾತೃಸಂಸ್ಥೆಯ ಷೇರಿನ ಬೆಲೆ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸಿಗೆ ಸೇರಿದ್ದು 2007ರ ಅಕ್ಟೋಬರಿನಲ್ಲಿ. ತಂತ್ರಾಂಶದ ಆವೃತ್ತಿಯನ್ನೇ ಇದಕ್ಕೆ ಕಾರಣವೆಂದು ಹೇಳುವುದು ರೂಢಿ. ಎರಡು ಊರಿನ ತಂಡಗಳಿಗೆ ಒಂದೇ ಆವೃತ್ತಿ ಬಳಸಿರಿ ಎಂದು ಆಜ್ಞೆ ಮಾಡುವ ಅಧಿಕಾರ ಯಾರಿಗೂ ಸ್ಪಷ್ಟವಾಗಿ ಇರಲಿಲ್ಲ ಎಂಬುದು ಅದಕ್ಕಿಂತ ಆಳದ ಕಾರಣ.

ಬೋಯಿಂಗ್ 787ರ ಕಥೆ ಇದಕ್ಕೆ ಎದುರು ದಿಕ್ಕಿನದು. 2004ರಲ್ಲಿ ಶುರುವಾದ ಆ ಯೋಜನೆಯಲ್ಲಿ ಕಂಪನಿ ರೆಕ್ಕೆಗಳನ್ನು ಜಪಾನಿನ ಮಿತ್ಸುಬಿಷಿಗೆ, ಒಡಲಿನ ಭಾಗಗಳನ್ನು ಕವಾಸಾಕಿ, ಇಟಲಿಯ ಅಲೇನಿಯಾ, ಅಮೆರಿಕದ ವಾಟ್ ಮತ್ತು ಸ್ಪಿರಿಟ್ ಕಂಪನಿಗಳಿಗೆ ವಿನ್ಯಾಸದ ಹೊಣೆಯ ಸಮೇತ ಹಂಚಿತು. ಹಕ್ಕು ಕೊಡುವ ವಿಷಯದಲ್ಲಿ ಅದು ಉದಾರವಾಗಿತ್ತು. ಆದರೆ ಕೆಲವು ಪಾಲುದಾರರಿಗೆ ಅಷ್ಟು ದೊಡ್ಡ ಹೊಣೆಯ ಅನುಭವ ಇರಲಿಲ್ಲ, ಅವರು ತಮ್ಮ ಕೆಲಸವನ್ನು ಇನ್ನೂ ಕೆಳಗಿನವರಿಗೆ ಹಂಚಿದರು, ಮೇಲ್ವಿಚಾರಣೆಗೆ ಬೋಯಿಂಗ್ ಸಾಕಷ್ಟು ಜನರನ್ನು ಅಲ್ಲಿ ನಿಲ್ಲಿಸಿರಲಿಲ್ಲ. 2007ರ ಜುಲೈ 8ರಂದು ಜನರ ಮುಂದೆ ತಂದು ನಿಲ್ಲಿಸಿದ ವಿಮಾನ ತಾತ್ಕಾಲಿಕ ಬೋಲ್ಟುಗಳಿಂದ ಬಿಗಿದ, ಒಳಗೆ ಬಹುಪಾಲು ಖಾಲಿಯಾದ ಕವಚವಾಗಿತ್ತು. ಅದು ಹಾರಿದ್ದು 2009ರ ಡಿಸೆಂಬರಿನಲ್ಲಿ, ಮೊದಲ ಗಿರಾಕಿಯ ಕೈ ಸೇರಿದ್ದು 2011ರ ಸೆಪ್ಟೆಂಬರಿನಲ್ಲಿ, ಮೂರು ವರ್ಷಕ್ಕೂ ಹೆಚ್ಚು ತಡವಾಗಿ. ನಡುವೆ ವಾಟ್ ಕಂಪನಿಯ ಚಾರ್ಲ್‌ಸ್ಟನ್ ಕಾರ್ಖಾನೆಯನ್ನು ಬೋಯಿಂಗ್ ತಾನೇ ಕೊಂಡುಕೊಳ್ಳಬೇಕಾಯಿತು. ಎ380ರಲ್ಲಿ ಅಧಿಕಾರ ಎಲ್ಲೂ ನೆಲೆ ನಿಂತಿರಲಿಲ್ಲ, 787ರಲ್ಲಿ ಅದು ಅರಿವಿಗಿಂತ ಮುಂದಾಗಿ ಹೊರಟುಹೋಯಿತು. ಬೆಂಗಳೂರಿನ ಕೇಂದ್ರಗಳಲ್ಲಿ ಈ ಎರಡೂ ಸುದ್ದಿಗಳನ್ನು ಓದಿದವರಿಗೆ ಅವು ದೂರದ ಸಂಗತಿಗಳೆನಿಸಲಿಲ್ಲ, ಬೆಳಗಾವಿಯ ಮೂಲೆ ಮತ್ತು ಪೀಠದ ಪಟ್ಟಿ ಇವೆರಡನ್ನೂ ದೊಡ್ಡ ಅಳತೆಯಲ್ಲಿ ಕಂಡಂತೆ ಅನಿಸಿತು.

ದೂರವೂ ತನ್ನ ಸುಂಕವನ್ನು ವಸೂಲು ಮಾಡುತ್ತದೆ. ಅಮೆರಿಕದ ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲೇ ಇಂಜಿನಿಯರರ ಮಾತುಕತೆಗಳನ್ನು ಅಳೆದು, ಇಬ್ಬರ ಮೇಜುಗಳ ನಡುವೆ ಸುಮಾರು 50 ಮೀಟರ್ ದಾಟಿದರೆ ಅವರು ನಿಯಮಿತವಾಗಿ ಮಾತಾಡುವ ಸಾಧ್ಯತೆ ತೀರ ಕಡಿಮೆಯಾಗುತ್ತದೆ ಎಂದು ತೋರಿಸಿದ್ದರು. ಚಳಿಗಾಲದಲ್ಲಿ ಬೆಂಗಳೂರಿಗೂ ಅಮೆರಿಕದ ಮಧ್ಯರಾಜ್ಯಗಳಿಗೂ ಹನ್ನೊಂದೂವರೆ ಗಂಟೆಯ ಅಂತರ. ಒಬ್ಬರ ಬೆಳಗು ಇನ್ನೊಬ್ಬರ ರಾತ್ರಿ. ಸಭೆಯ ಹೊತ್ತನ್ನು ಯಾರು ನಿಗದಿ ಮಾಡುತ್ತಾರೋ ಅವರ ಅನುಕೂಲಕ್ಕೆ ಅದು ಬೀಳುತ್ತದೆ, ಆ ವರ್ಷಗಳಲ್ಲಿ ನಿಗದಿ ಮಾಡುವವರು ಬೆಂಗಳೂರಿನಲ್ಲಿರಲಿಲ್ಲ. ಮಕ್ಕಳು ಮಲಗಿದ ಮೇಲೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಮಾತಾಡಿದ ರಾತ್ರಿಗಳ ಲೆಕ್ಕ ಯಾವ ಯೋಜನಾ ವರದಿಯಲ್ಲೂ ಇಲ್ಲ, ಅದನ್ನು ಹೊತ್ತವರು ಹೆಂಡತಿ, ಗಂಡ, ವಯಸ್ಸಾದ ತಂದೆತಾಯಿ. ರಜೆಗಳ ಪಂಚಾಂಗವೂ ಹೊಂದುತ್ತಿರಲಿಲ್ಲ. ಜರ್ಮನಿ ಆಗಸ್ಟಿನಲ್ಲಿ, ಅಮೆರಿಕ ಡಿಸೆಂಬರಿನ ಕೊನೆಯಲ್ಲಿ, ಚೀನಾ ತನ್ನ ಹೊಸ ವರ್ಷಕ್ಕೆ ಬಾಗಿಲು ಹಾಕುತ್ತವೆ. ಆಯುಧಪೂಜೆಯ ದಿನ ಪೀಣ್ಯದ ಲೇತುಗಳಿಗೆ ಕುಂಬಳಕಾಯಿ ಒಡೆದು ಚೆಂಡುಹೂವಿನ ಹಾರ ಹಾಕಿದರೆ ಮರುದಿನ ವಿಜಯದಶಮಿಯೂ ಮುಗಿಯುವವರೆಗೆ ಯಾರೂ ಸ್ವಿಚ್ ಒತ್ತುವುದಿಲ್ಲ. ಒಳ್ಳೆಯ ಯೋಜನಾ ವ್ಯವಸ್ಥಾಪಕರು ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದರು, ಅಂಥವರ ಕೈಕೆಳಗೆ ಕೆಲಸ ಮಾಡಿದವರು ಅದೃಷ್ಟವಂತರು.

ಸರಿಯಾಗಿ ನಡೆದ ಕೆಲಸದ ಉದಾಹರಣೆ ಬೆಂಗಳೂರಿಗೆ ಹತ್ತಿರದಲ್ಲೇ, ಬಿಡದಿಯಲ್ಲಿ ಸಿಗುತ್ತದೆ. ಟೊಯೋಟಾ ಕಂಪನಿ ಐಎಂವಿ ಎಂಬ ಹೆಸರಿನಲ್ಲಿ, ಒಂದೇ ಅಡಿಗಟ್ಟಿನ ಮೇಲೆ ಪಿಕಪ್ ಟ್ರಕ್ಕನ್ನೂ ಬಹೂಪಯೋಗಿ ವಾಹನವನ್ನೂ ಕಟ್ಟಿ ಜಪಾನಿನ ಹೊರಗೇ ತಯಾರಿಸುವ ಯೋಜನೆಯನ್ನು 2004ರಲ್ಲಿ ಥಾಯ್ಲೆಂಡಿನಿಂದ ಆರಂಭಿಸಿತು; ಅದರ ಬಹೂಪಯೋಗಿ ವಾಹನವಾದ ಇನೋವಾ ಭಾರತಕ್ಕೆ ಬಂದದ್ದು 2005ರ ಆರಂಭದಲ್ಲಿ. ಆ ಯೋಜನೆಯಲ್ಲಿ ಡೀಸೆಲ್ ಎಂಜಿನ್ ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನ್ ಇಂಡೊನೇಷ್ಯಾದಿಂದ, ಗೇರ್‌ಬಾಕ್ಸ್ ಫಿಲಿಪ್ಪೀನ್ಸ್ ಮತ್ತು ಭಾರತದಿಂದ ಎಂದು ಹಂಚಿಕೆಯಾಗಿ, ಬಿಡದಿಯ ಸಹೋದರ ಕಂಪನಿಯಲ್ಲಿ ತಯಾರಾದ ಗೇರ್‌ಬಾಕ್ಸುಗಳು ಹೊರದೇಶಗಳ ಜೋಡಣಾ ಕಾರ್ಖಾನೆಗಳಿಗೂ ಹೋದವು. ಇಂಥ ಹಂಚಿಕೆ ಕುಸಿಯದೆ ನಿಂತದ್ದಕ್ಕೆ ಆ ಕಂಪನಿಯ ಚೀಫ್ ಇಂಜಿನಿಯರ್ ಪದ್ಧತಿ ಮುಖ್ಯ ಕಾರಣ. ಒಂದು ವಾಹನದ ಕಲ್ಪನೆಯಿಂದ ಮಾರುಕಟ್ಟೆಯವರೆಗಿನ ಇಡೀ ಹೊಣೆ ಒಬ್ಬ ಇಂಜಿನಿಯರಿನದು. ಸಂಶೋಧಕರಾದ ಕಿಮ್ ಕ್ಲಾರ್ಕ್ ಮತ್ತು ತಕಾಹಿರೊ ಫುಜಿಮೊಟೊ 1991ರ ತಮ್ಮ ಅಧ್ಯಯನದಲ್ಲಿ, ಇಂಥ ಬಲವಾದ ಒಡೆಯನಿರುವ ಯೋಜನೆಗಳು ಹೆಚ್ಚು ಬೇಗ ಮತ್ತು ಹೆಚ್ಚು ಸುಸಂಗತವಾಗಿ ಮುಗಿಯುತ್ತವೆ ಎಂದು ತೋರಿಸಿದ್ದಾರೆ. ಗೇರ್‌ಬಾಕ್ಸ್ ಎಂಥದೆಂದರೆ ಅದರ ಅಂಚುಗಳು ಸ್ಪಷ್ಟ: ಒಂದು ತುದಿಯಲ್ಲಿ ಕ್ಲಚ್, ಇನ್ನೊಂದು ತುದಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್. ಅಂಚು ಸ್ಪಷ್ಟವಿರುವ ಇಡೀ ಘಟಕವನ್ನು ಒಂದು ಊರಿಗೆ ಒಪ್ಪಿಸುವುದು, ಒಂದೇ ಘಟಕದ ಗೆರೆಗಳನ್ನು ಮೂರು ಊರಿಗೆ ಹಂಚುವುದಕ್ಕಿಂತ ಎಷ್ಟೋ ಮೇಲು. ಕೆಲಸವನ್ನು ತಾಸುಗಳಾಗಿ ಹರಿದು ಮಾರುತ್ತಿದ್ದ ಕೇಂದ್ರಗಳು ಇದನ್ನು ಅರ್ಥಮಾಡಿಕೊಳ್ಳಲು ತೆಗೆದುಕೊಂಡ ಕಾಲ ವ್ಯರ್ಥವಾಯಿತೆಂದೇ ಹೇಳಬೇಕು.

ಜನರಲ್ ಎಲೆಕ್ಟ್ರಿಕ್ ಕಂಪನಿಯ ಬೆಂಗಳೂರು ತಂಡ ರೂಪಿಸಿದ ಮ್ಯಾಕ್ 400 ಎಂಬ ಇಸಿಜಿ ಯಂತ್ರ ಇನ್ನೂ ಒಂದು ಹೆಜ್ಜೆ ಮುಂದಿನದು. ಊರಿಂದೂರಿಗೆ ವೈದ್ಯರು ಹೊತ್ತುಕೊಂಡು ಹೋಗಬಹುದಾದ, ವಿದ್ಯುತ್ ಇಲ್ಲದ ಕಡೆ ಬ್ಯಾಟರಿಯಲ್ಲಿ ನಡೆಯುವ, ಸುಮಾರು 1,000 ಡಾಲರಿನ ಆ ಯಂತ್ರದಲ್ಲಿ ಬಸ್ ಟಿಕೆಟ್ ಮುದ್ರಿಸುವ ಯಂತ್ರಗಳಲ್ಲಿ ಬಳಕೆಯಲ್ಲಿದ್ದ ಬಗೆಯ ಸಣ್ಣ ಪ್ರಿಂಟರನ್ನು ಅಳವಡಿಸಲಾಗಿತ್ತು. ಹಳ್ಳಿಯ ಆಸ್ಪತ್ರೆಯ ಧೂಳನ್ನೂ ಕರೆಂಟನ್ನೂ ಬಲ್ಲವರಿಗೆ ಮಾತ್ರ ಹೊಳೆಯುವ ಆಯ್ಕೆ ಅದು. 2009ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಆ ಕಂಪನಿಯ ಮುಖ್ಯಸ್ಥರೇ ಸಹಲೇಖಕರಾಗಿ ಬರೆದ ಪ್ರಬಂಧದ ಮೂಲಕ ಈ ಯಂತ್ರ ಜಗತ್ತಿನ ನಿರ್ವಹಣಾಶಾಲೆಗಳಲ್ಲಿ ಪಾಠವಾಯಿತು. ಬೆಂಗಳೂರಿನ ಬೇರೆ ಕೇಂದ್ರಗಳಲ್ಲಿ ದುಡಿಯುತ್ತಿದ್ದವರಿಗೆ ಅದರಿಂದ ಬಂದ ಧೈರ್ಯ ಸಣ್ಣದಲ್ಲ.

ಬೆಳಗಾವಿಯಲ್ಲಿ ಕೇಸಿಂಗ್ ಎರಕ ಹೊಯ್ಯಿಸುತ್ತಿದ್ದ ಆ ಪಂಪು ಕಂಪನಿಯಲ್ಲೂ ಕಾಲಕ್ರಮದಲ್ಲಿ ಬದಲಾವಣೆ ಬಂತು. ಯುರೋಪಿನ ವಿನ್ಯಾಸಕಾರರೊಬ್ಬರು ಒಂದು ಚಳಿಗಾಲವಿಡೀ ಬೆಂಗಳೂರು ಮತ್ತು ಬೆಳಗಾವಿಗಳಲ್ಲಿದ್ದು ಎರಕ ಹೊಯ್ಯುವುದನ್ನು ಹತ್ತಿರದಿಂದ ಕಂಡರು. ಇಲ್ಲಿಯ ಇಬ್ಬರು ಅಲ್ಲಿಗೆ ಹೋಗಿ ಹಳೆಯ ದೂರುಗಳ ಕಡತಗಳನ್ನು ಓದಿ, ಪ್ರತಿ ಮುಖ್ಯ ಅಳತೆಯ ಎದುರಿಗೆ ಅದರ ಕಾರಣವನ್ನು ಬರೆದ ಒಂದು ಪುಸ್ತಕವನ್ನು ಸಿದ್ಧಪಡಿಸಿದರು. ಅದಾದ ಮೇಲೆಯೇ ಎರಕದ ಭಾಗಗಳ ಒಪ್ಪಿಗೆಯ ಸಹಿ ಬೆಂಗಳೂರಿಗೆ ಬಂತು, ವಾರಗಟ್ಟಲೆ ಅಲೆಯುತ್ತಿದ್ದ ತಿದ್ದುಪಡಿ ಬಹುಪಾಲು ಎರಡು ಮೂರು ದಿನಗಳಲ್ಲಿ ಮುಗಿಯತೊಡಗಿತು. ಮೊದಲು ಕಾರಣ, ಆಮೇಲೆ ಹಕ್ಕು ಎಂಬ ಆ ಅನುಕ್ರಮ ಸರಿಯಾಗಿತ್ತು. ಮೇಲಿನವರಿಗೆ ಅದನ್ನು ಒಪ್ಪಿಸಲು ಬೇಕಾದದ್ದು ಇಬ್ಬರ ವಿಮಾನದ ಖರ್ಚು ಮತ್ತು ಒಬ್ಬರ ಚಳಿಗಾಲ. ಅಷ್ಟಕ್ಕೆ ಇಷ್ಟು ವರ್ಷ ಕಾಯಬೇಕಾಗಿರಲಿಲ್ಲ.

ಇಂದು ಬೆಂಗಳೂರಿನ ಅನೇಕ ಕೇಂದ್ರಗಳಲ್ಲಿ ಮೂರೂ ಖಾನೆಗಳಲ್ಲಿ ಇಲ್ಲಿಯವರದೇ ಹೆಸರುಗಳಿವೆ, ಇದು ಸಂತೋಷದ ವಿಷಯ. ಆದರೆ ಅದೇ ಕೇಂದ್ರಗಳಿಂದ ಪೀಣ್ಯಕ್ಕೆ, ಬೆಳಗಾವಿಗೆ, ಹುಬ್ಬಳ್ಳಿಗೆ, ಕೊಯಮತ್ತೂರಿಗೆ ಹೋಗುವ ಡ್ರಾಯಿಂಗುಗಳಲ್ಲಿ ಈಗಲೂ ಅಳತೆ ಇದೆ, ಕಾರಣ ಇಲ್ಲ. ಒಮ್ಮೆ ಯುರೋಪು ಬೆಂಗಳೂರಿನೊಡನೆ ನಡೆದುಕೊಂಡ ರೀತಿಯಲ್ಲೇ ಬೆಂಗಳೂರು ಈಗ ಸಣ್ಣ ಕಾರ್ಖಾನೆಗಳೊಡನೆ ನಡೆದುಕೊಳ್ಳುತ್ತಿದೆ. ಎರಕದವರು ಹೇಳಿದ ಮಾತು ಖರೀದಿ ವಿಭಾಗದ ಇಮೇಲಿನಲ್ಲೇ ನಿಂತುಹೋಗುತ್ತದೆ, ಪ್ಯಾಟರ್ನ್ ಎರಡನೆಯ ಬಾರಿ ಕಟ್ಟುವ ಖರ್ಚು ಈಗಲೂ ಅವರ ತಲೆಯ ಮೇಲೆಯೇ ಬೀಳುತ್ತದೆ. ಒಪ್ಪಿಗೆಯ ಸಹಿಯ ಹಕ್ಕು ಪಡೆದಿರುವ ಇಂದಿನ ಇಂಜಿನಿಯರರಲ್ಲಿ ಒಂದು ವಿನಂತಿ: ಹೊಸ ಎರಕದ ಡ್ರಾಯಿಂಗಿಗೆ ಸಹಿ ಹಾಕುವ ಮುನ್ನ ಒಮ್ಮೆ ಎರಕದ ಕಾರ್ಖಾನೆಗೆ ಹೋಗಿ ಪ್ಯಾಟರ್ನ್ ಕಟ್ಟುವವರ ಪಕ್ಕದಲ್ಲಿ ಕುಳಿತು ಅದನ್ನು ಓದಿರಿ, ಅವರು ಬೆರಳಿಟ್ಟ ಜಾಗವನ್ನು ಗುರುತು ಹಾಕಿಕೊಳ್ಳಿರಿ, ಮತ್ತು ಅವರ ಹೆಸರನ್ನು ತಿದ್ದುಪಡಿಯ ದಾಖಲೆಯಲ್ಲಿ ಬರೆಯಿರಿ.